ಗಂಟಿಲ್ಲದ ಹಗ್ಗ

ನನ್ನ ಚಿತ್ರ ನೋಡಿ ಮಾವ ಆಡಿದ ಮೊದಲ ಮಾತು, "ಈ ಮನಶ್ಯಾ ಓಡಿ ಹೋಗ್ತಾನವಾ."

ನಾನು ಬಟ್ಟೆ ಕೋಣೆಯಲ್ಲಿ, ನೇತುಹಾಕಿದ ಸೀರೆಗಳ ಕೆಳಗೆ, ಪುಟ್ಟ ಮೇಜೊಂದನ್ನು ತುರುಕಿಕೊಂಡು ಕೂತಿದ್ದೆ. ಅವರು ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದರು. ಕಾಗದದ ಮೇಲೆ, ಹಳೆಯ ಕಾಲದ ಜಪಾನಿನ ಒಂದು ಕೋಟೆ ಬಾಗಿಲ ಮುಂದೆ, ಹಗ್ಗದಲ್ಲಿ ಕಟ್ಟಿ ಹಾಕಿದ ಗಂಡಸೊಬ್ಬ ಮಂಡಿಯೂರಿ ಕೂತಿದ್ದ. ಮೂರು ವಾರದಿಂದ ಯಾವುದು ಇವರ ಕಣ್ಣಿಗೆ ಬೀಳಬಾರದೆಂದು ಒದ್ದಾಡಿದ್ದೆನೋ ಅದೇ.

ನಾವಾಗ ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಗಂಡ ಬೆಳಿಗ್ಗೆ ಆಫೀಸಿಗೆ ಹೊರಟರೆ ಮತ್ತೆ ಮುಖ ತೋರಿಸುವುದು ಸಂಜೆಗೇ. ಮೈಸೂರಿನಲ್ಲಿ ಚಿತ್ರಕಲೆ ಕಲಿತ ನಾನು ಇಲ್ಲಿ ಮಕ್ಕಳ ಪಠ್ಯಪುಸ್ತಕಗಳಿಗೆ ಮೊಲ, ಆಮೆ, ಹಳದಿ ಸ್ಕೂಲ್ ಬಸ್ಸು ಬರೆದೂ ಬರೆದೂ ತಲೆ ಚಿಟ್ಟು ಹಿಡಿಸಿಕೊಂಡಿದ್ದೆ. ಆಗ ಸಿಕ್ಕಿತು ಈ ಕೆಲಸ. ಆಸ್ಟಿನ್‌ನ ನಿವೃತ್ತ ಇತಿಹಾಸದ ಪ್ರೊಫೆಸರೊಬ್ಬರು, ನಾನು ಮೇಡಂ ಎಂದೇ ಕರೆಯುತ್ತಿದ್ದ ಹೆಂಗಸು, ಜಪಾನಿನ ಹಗ್ಗದ ಕಲೆಯ ಮೇಲೆ ಪುಸ್ತಕ ಬರೆಯುತ್ತಿದ್ದರು. ಹಿಂದೆ ಅಲ್ಲಿನ ಕಾವಲಿನವರು ಕೈದಿಗಳನ್ನು ಕಟ್ಟುತ್ತಿದ್ದ ವಿದ್ಯೆ ಅದು. ಆಮೇಲೆ ನಾಟಕದ ರಂಗಕ್ಕೆ ಬಂತು, ಅಲ್ಲಿಂದ ಮುಂದೆ ಒಬ್ಬರನ್ನೊಬ್ಬರು ಒಪ್ಪಿದ ಪ್ರೇಮಿಗಳ ಖಾಸಗಿ ಕಲೆಯಾಯಿತು. ಒಂದೊಂದು ಕಾಲಕ್ಕೂ ತಕ್ಕ ಬೀದಿ, ಉಡುಪು, ದೀಪಗಳ ಸಮೇತ ಚಿತ್ರ ಬೇಕಿತ್ತು. ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಪೇರ್ಲ್ಯಾಂಡಿನ ದೇವಸ್ಥಾನದಲ್ಲಿ ಸಿಕ್ಕ ಆಂಟಿಯರಿಗೆ ಮಾತ್ರ "ಜಪಾನಿನ ಇತಿಹಾಸ ಆಂಟಿ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡೆ.

ಕೆಲಸ ಅರ್ಧಕ್ಕೆ ಬಂದಿತ್ತು, ಮಾವ ಬಂದರು. ಆರು ತಿಂಗಳಿಗೆ. ಧಾರವಾಡದ ಕಡೆಯ ಪೊಲೀಸ್ ಠಾಣೆಗಳಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ರಿಟೈರ್ ಆದವರು. ಮೀಸೆ ನೋಡಿದರೇ ನನಗೆ ಮಾಡದ ತಪ್ಪೂ ನೆನಪಾಗುತ್ತಿತ್ತು. ಕಿಟಕಿ ಪಕ್ಕದ ನನ್ನ ಮೇಜು ರಾತ್ರೋರಾತ್ರಿ ಬಟ್ಟೆ ಕೋಣೆಗೆ ಶಿಫ್ಟ್ ಆಯಿತು. ಟೆಕ್ಸಸ್ಸಿನ ಬಟ್ಟೆ ಕೋಣೆ ಎಂದರೆ ಊರಿನಲ್ಲಿ ಒಂದು ಸಂಸಾರ ಇರಬಹುದು, ಅಷ್ಟು ದೊಡ್ಡದು. ಮಧ್ಯಾಹ್ನ ಊಟ ಬಡಿಸಿ, ಬಾಗಿಲು ಹಾಕಿಕೊಂಡು, ನನ್ನ ಕೈದಿಯ ಜೊತೆ ಕೂರುತ್ತಿದ್ದೆ.

ಈ ಕೈದಿಯೇ ನನ್ನ ಪ್ರಾಣ ತಿನ್ನುತ್ತಿದ್ದವನು. ಮೇಡಂ ಆ ಚಿತ್ರವನ್ನು ಎರಡು ಸಲ ವಾಪಸ್ ಕಳಿಸಿದ್ದರು. "ಹಗ್ಗ ಸುಂದರವಾಗಿದೆ, ಆದರೆ ಅದರೊಳಗೆ ಮನುಷ್ಯನೇ ಇಲ್ಲ. ಮೂರನೆಯ ಸಲವೂ ಹೀಗೇ ಆದರೆ ಪುಸ್ತಕವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ" ಎಂದು ಬರೆದಿದ್ದರು. ಬೇರೆಯವರಿಗಂತೆ! ಸಿಟ್ಟಿನಲ್ಲಿ ಆ ಕಾಗದ ಹರಿದು ಹಾಕಿ, ಆಮೇಲೆ ಕಸದ ಬುಟ್ಟಿಯಿಂದ ಹೆಕ್ಕಿ ಅಂಟಿಸಿಟ್ಟುಕೊಂಡೆ. ಈ ದೇಶದಲ್ಲಿ ನನ್ನದು ಅಂತ ಇದ್ದದ್ದು ಆ ಪುಸ್ತಕ ಒಂದೇ.

ಮಾವನಿಗೆ ಬೇರೆಯೇ ಚಿಂತೆ. ಆಮೇಲೆ ಗಂಡ ನಗುತ್ತಾ ಹೇಳಿದ. ಸೊಸೆ ದಿನಾ ಮಧ್ಯಾಹ್ನ ಬಟ್ಟೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದನ್ನು ನೋಡಿ ನೋಡಿ ಅವರು ಮಗನನ್ನು ಹಿತ್ತಲಿಗೆ ಕರೆದರಂತೆ. "ಅಕಿ ಒಳಗ ಕುಂತು ಅಳ್ತಾಳಲೇ. ನಾ ಬಂದದ್ದು ಭಾರ ಆಗೇತಿ. ಟಿಕೆಟ್ ಬದಲಿ ಮಾಡಸು, ನಾ ಹೋಗ್ತೀನಿ." ಗಂಡ ಏನೋ ಹಾರಿಕೆಯ ಉತ್ತರ ಕೊಟ್ಟ. ಮಾವ ನಂಬಲಿಲ್ಲ. ಮಾರನೆಯ ದಿನ ತಾವೇ ಚಹಾ ಮಾಡಿ, ರಾಜಿ ಮಾಡಿಕೊಳ್ಳಲೆಂದು, ಬಾಗಿಲು ತೆರೆದಿದ್ದರು.

"ಅಯ್ಯೋ ಮಾವ, ಇದು ಬರೀ ಇತಿಹಾಸ. ಜಪಾನಿಂದು. ನೀವು ತಪ್ಪು ತಿಳ್ಕೋಬೇಡಿ..." ಎಂದು ತೊದಲಿದೆ.

"ತಪ್ಪು ತಿಳ್ಕೊಳ್ಳಾಕ ಏನೈತಿ? ಆರೋಪಿನ್ನ ಕಟ್ಯಾರ. ಆದ್ರ ಯಾರು ಕಟ್ಟಿದವ್ರು? ತೋಳಿನ ಮ್ಯಾಲೆ ಹಗ್ಗ ಸುಮ್ನ ಮಲಗೇತಿ. ಇಂವ ಒಂದು ಸಲ ಉಸರು ಬಿಟ್ಟರ ಸಾಕು, ಹಗ್ಗ ನೆಲದ ಮ್ಯಾಲೆ, ಇಂವ ಹುಬ್ಬಳ್ಳ್ಯಾಗ."

ಮೇಡಂ ಎರಡು ಪುಟ ಬರೆದು ಹೇಳಿದ್ದನ್ನು ಇವರು ಚಹಾದ ಕಪ್ಪು ಕೆಳಗಿಡದೆ ಹೇಳಿ ಮುಗಿಸಿದ್ದರು. ನನಗೆ ಅವಮಾನವೂ ಆಯಿತು, ನಗುವೂ ಬಂತು. "ಹಾಗಾದ್ರೆ ಹೇಗೆ ಕಟ್ಟಬೇಕು, ನೀವೇ ತೋರಿಸಿ" ಎಂದುಬಿಟ್ಟೆ.

ಅಂದು ಸಂಜೆ ಗಂಡ ಆಫೀಸಿನಿಂದ ಬಂದವನು ಕುತ್ತಿಗೆಯ ಬ್ಯಾಡ್ಜ್ ತೆಗೆಯುವ ಮೊದಲೇ ಡೈನಿಂಗ್ ಟೇಬಲ್ಲಿನ ಕುರ್ಚಿಯಲ್ಲಿ ಬಂದಿಯಾದ. ಗ್ಯಾರೇಜಿನಲ್ಲಿದ್ದ ಬಟ್ಟೆ ಒಣಗಿಸುವ ಹತ್ತಿ ಹಗ್ಗ.

"ಅಪ್ಪಾ, ಸಾವಕಾಶ್ರೀ, ನಾ ನಿಮ್ಮ ಮಗಾ!"

"ಸುಮ್ನ ಕುಂದರಲೇ. ಸಣ್ಣಾಂವ ಇದ್ದಾಗ ಕಟ್ಟಿದ್ದರ ಇವತ್ತ ನಾಕು ಮಂದ್ಯಾಗ ಸುಮ್ನ ಕುಂದ್ರೂದು ಕಲೀತಿದ್ದಿ."

ನಾನು ಪೆನ್ಸಿಲ್ ಹಿಡಿದು ನೆಲದ ಮೇಲೆ ಕೂತು ನೋಡಿದೆ. ಹಗ್ಗ ಬಿಗಿಯಾದಾಗ ಅಂಗಿ ಎಲ್ಲಿ ಸುಕ್ಕಾಗುತ್ತದೆ, ಭುಜ ಹೇಗೆ ಮುಂದಕ್ಕೆ ಬರುತ್ತದೆ, ಕತ್ತು ಹೇಗೆ ತಾನಾಗಿ ತಗ್ಗುತ್ತದೆ, ಎಲ್ಲ ಮೊದಲ ಸಲ ಕಂಡಿತು. ಇಷ್ಟು ದಿನ ನಾನು ಮನುಷ್ಯನನ್ನು ಬರೆದು ಅವನ ಮೇಲೆ ಹಗ್ಗ ಬರೆಯುತ್ತಿದ್ದೆ. ತಪ್ಪಿದ್ದೇ ಅಲ್ಲಿ. ಮಾವ ಪ್ರತಿ ಸುತ್ತಿಗೂ ಹಗ್ಗದ ಕೆಳಗೆ ಎರಡು ಬೆರಳು ತೂರಿಸಿ ನೋಡುತ್ತಿದ್ದರು. "ಎರಡು ಬಳ್ಳು ಹೋಗಬೇಕವಾ. ಮನಶ್ಯಾ ಅದಾನ, ಹೋರಿ ಅಲ್ಲ." ಕೊನೆಗೆ ಬೆನ್ನ ಹಿಂದೆ ಒಂದು ಗಂಟು ಹಾಕಿದರು. ಎಂಥಾ ಗಂಟು! ಚಪ್ಪಟೆಯಾಗಿ, ಅಚ್ಚುಕಟ್ಟಾಗಿ. ಅವರ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ, ಕೈದಿಯನ್ನು ಸ್ವಲ್ಪ ತಿರುಗಿಸಿ ಆ ಗಂಟು ಕಾಣುವಂತೆಯೇ ಬರೆಯುತ್ತೇನೆಂದು ಮಾತು ಕೊಟ್ಟೆ.

ಅದೇ ಹೊತ್ತಿಗೆ ಪಕ್ಕದ ಬೀದಿಯ ಆಂಟಿ ಸ್ಟೀಲ್ ಡಬ್ಬಿ ವಾಪಸ್ ಕೊಡಲು ಬಂದರು. ಮಾವ ಒಂದಿಷ್ಟೂ ಅಳುಕದೆ, "ಬರ್ರಿ ಬರ್ರಿ, ಸೊಸಿಗೆ ಚಿತ್ರ ಕಲಸಾಕತ್ತೀನಿ" ಎಂದರು. ಆಂಟಿ ಡಬ್ಬಿ ಇಟ್ಟವರೇ ಹೊರಟರು. ಆ ವಾರ ದೇವಸ್ಥಾನಕ್ಕೆ ಹೋದರೆ ಎಲ್ಲರೂ ನನ್ನ ಗಂಡನನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡುವವರೇ.

ಚಿತ್ರ ಮುಗಿಯಿತು. ಅದನ್ನು ಹಿಡಿದು ಆಸ್ಟಿನ್‌ಗೆ ಹೊರಟಾಗ ಮಾವನೂ ಕಾರು ಹತ್ತಿದರು. ಮೇಡಂ ಮನೆಯಲ್ಲಿ ಇಬ್ಬರೂ ಕುರ್ಚಿಯ ತುದಿಯಲ್ಲಿ ಕೂತಿದ್ದೆವು, ರಿಸಲ್ಟ್ ಕಾಯುವ ಮಕ್ಕಳ ಹಾಗೆ. ಮೇಡಂ ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು. "ಈಗ ಇಲ್ಲೊಬ್ಬ ಮನುಷ್ಯನಿದ್ದಾನೆ. ಪುಸ್ತಕ ನಿನ್ನದೇ." ನನಗೆ ಕೂತಲ್ಲೇ ಕುಣಿಯುವ ಹಾಗಾಯಿತು. ಅವರು ಮುಂದುವರಿಸಿದರು: "ಒಂದೇ ಒಂದು ತಿದ್ದುಪಡಿ. ಗಂಟು ತೆಗೆದುಬಿಡು. ಇವನ ಮೇಲೆ ಆರೋಪ ಇದೆ, ಇನ್ನೂ ಸಾಬೀತಾಗಿಲ್ಲ. ಅಂಥವರಿಗೆ ಆ ಕಾಲದಲ್ಲಿ ಗಂಟು ಹಾಕುತ್ತಿರಲಿಲ್ಲ. ಹಗ್ಗ ಸುತ್ತಿ ತುದಿಯನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು, ಅಷ್ಟೇ. ಗಂಟು ಬಿತ್ತೆಂದರೆ ಅವನಿಗೂ ಅವನ ಮನೆಯವರಿಗೂ ತೊಳೆಯಲಾಗದ ಅವಮಾನ."

ಮಾವ ನನ್ನ ಮುಖ ನೋಡಿದರು. ನಾನು ಖುಷಿಯಲ್ಲಿ ಗಡಗಡನೆ ಕನ್ನಡದಲ್ಲಿ ಹೇಳಿದೆ. ಅವರು "ಹೂಂ" ಎಂದರು. ಮೇಡಂ ಕೊಟ್ಟ ಬಿಸ್ಕತ್ತು ಅವರ ಕೈಯಲ್ಲೇ ಉಳಿಯಿತು.

ವಾಪಸ್ ಬರುವಾಗ ಟೂ ನೈಂಟಿ ರಸ್ತೆಯ ಎರಡೂ ಬದಿಗೆ ನೀಲಿ ಹೂಗಳು. ನಾನು ಹೂ ತೋರಿಸಿದೆ, ದನ ತೋರಿಸಿದೆ, ಅವರು ಯಾವುದನ್ನೂ ನೋಡಲಿಲ್ಲ. ಗಂಟು ತೆಗೆಸಿದ್ದಕ್ಕೆ ಬೇಜಾರಾಯಿತೇ ಎಂದು ಕೇಳಿದೆ.

"ನಮ್ಮ ಠಾಣೆ ಮುಂದ ಒಬ್ಬ ಬಳಿಗಾರ ಇದ್ದ" ಎಂದರು. "ಒಂದು ಮನ್ಯಾಗ ಬಳಿ ಇಡಾಕ ಹೋದಾಗ ಬಂಗಾರ ಕದ್ದಾನ ಅಂತ ಕಂಪ್ಲೇಂಟ್ ಬಂತು. ಅವತ್ತ ಜೀಪ್ ಕೆಟ್ಟಿತ್ತು. ನಾನ ಕೈಯಾರೆ ಹಗ್ಗ ಕಟ್ಟಿ ಗಂಟು ಹಾಕಿ, ಪ್ಯಾಟ್ಯಾಗ ಹಾಸಿ ಕೋರ್ಟಿಗೆ ನಡಸಗೋತ ಒಯ್ದೆ. ಅವನ ಕಡೆ ಬಳಿ ಇಡಿಸಿಕೊಂಡ ಹೆಣ್ಮಕ್ಕಳೆಲ್ಲ ಬಾಗಲದಾಗ ನಿಂತು ನೋಡಿದ್ರು. ಹದಿನೈದು ದಿನಕ್ಕ ಖರೇ ಕಳ್ಳ ಸಿಕ್ಕ. ಇವನ್ನ ಬಿಟ್ಟರು. ಆದ್ರ ಅಂವ ಆ ಪ್ಯಾಟಿಗೆ ಮತ್ತ ಬರಲಿಲ್ಲವಾ. ಯಾರ ಕೈಗೂ ಬಳಿ ಇಡಲಿಲ್ಲ. ನಾ ಎರಡು ಬಳ್ಳು ಜಾಗಾ ಬಿಟ್ಟು ಕಟ್ಟಿದ್ದೆ. ಆ ಗಂಟಿನ ಬಗ್ಗೆ ಯಾರೂ ನನಗ ಹೇಳಿದ್ದಿಲ್ಲ."

ಸ್ಟೀರಿಂಗ್ ಹಿಡಿದು ಸುಮ್ಮನೆ ಅತ್ತೆ. ಮುನಿದ ಮೀಸೆಯ ಹಿಂದೆ ಇವರು ಇಷ್ಟು ವರ್ಷ ಇದನ್ನು ಹೊತ್ತುಕೊಂಡು ಓಡಾಡಿದ್ದರು.

ಮನೆಗೆ ಬಂದ ಮೇಲೆ ಅವರು ಬಟ್ಟೆ ಕೋಣೆಗೆ ಇನ್ನೊಂದು ಕುರ್ಚಿ ತಂದು ಹಾಕಿಕೊಂಡರು. "ಗಂಟು ತಗಿಯವಾ. ಹಂಗ ಈ ಮನಶ್ಯಾಗ ಆ ಬಳಿಗಾರನ ಮುಖ ಕೊಡು. ನಾ ಹೇಳ್ತೀನಿ." ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಹುಬ್ಬು, ಕೆನ್ನೆಯ ಕುಳಿ, ಮೇಲೆತ್ತದ ಕಣ್ಣು. ಮೂಗಿನ ವಿಷಯಕ್ಕೆ ಮಾತ್ರ ಜಗಳವೇ ಆಯಿತು. "ಇನ್ನ ದಪ್ಪ ಮಾಡು." "ಮಾವ, ಇದಕ್ಕಿಂತ ದಪ್ಪ ಮಾಡಿದ್ರೆ ಮುಖದ ತುಂಬಾ ಮೂಗೇ ಆಗತ್ತೆ." "ನೋಡಿದವ ನಾನೋ ನೀನೋ?" ಕೊನೆಗೆ ಗೆದ್ದವರು ಅವರೇ. ಜಪಾನಿನ ಕೋಟೆಯ ಮುಂದೆ ಧಾರವಾಡದ ಕಡೆಯ ದಪ್ಪ ಮೂಗಿನ ಬಳೆಗಾರ ಕೂತ, ಹಗ್ಗದಲ್ಲಿ, ಗಂಟಿಲ್ಲದೆ. ಕೈದಿಯ ಮುಖ ಬದಲಾಗಿದ್ದನ್ನು ಮೇಡಂ ಗಮನಿಸಿದರೋ ಇಲ್ಲವೋ, ಏನೂ ಕೇಳಲಿಲ್ಲ.

ಪುಸ್ತಕ ಅಚ್ಚಾಗುವ ಹೊತ್ತಿಗೆ ಮಾವ ಊರಿಗೆ ಹೋಗಿ ವರ್ಷವಾಗಿತ್ತು. ಪ್ರೇಮಿಗಳ ಅಧ್ಯಾಯದ ಪುಟಗಳನ್ನು ಸೂಜಿ ದಾರದಿಂದ ಒಟ್ಟಿಗೆ ಹೊಲಿದು ಒಂದು ಪ್ರತಿ ಕಳಿಸಿದೆ. ತಿಂಗಳಾದ ಮೇಲೆ ಫೋನ್ ಬಂತು.

"ಹೊಲಿಗಿ ಬಿಚ್ಚಿ ನೋಡಿನವಾ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಕಡೀ ಚಿತ್ರದಾಗ ಹಗ್ಗ ಚಲೋ ಬಿಗದೀದಿ. ಆ ಹೆಣ್ಮಗಳ ಮುಖದಾಗ ಹೆದರಿಕಿ ಇಲ್ಲ. ನನ್ನ ಹಗ್ಗದಾಗ ಯಾರೂ ಹಂಗ ಕುಂತಿದ್ದಿಲ್ಲ ನೋಡು." ಆಮೇಲೆ ದನಿ ತಗ್ಗಿಸಿದರು. "ಆ ಬಳಿಗಾರನ ಮನಿ ಹುಡಕ್ಯಾಡಿ ಹೋಗಿದ್ದೆ. ಮುದುಕ ಆಗ್ಯಾನ. ನನ್ನ ನೋಡಿದ್ದಕ್ಕ ಎದ್ದು ನಿಂತ, ಇನ್ನೂ ಹೆದರಿಕಿ. ನಾ ಪುಸ್ತಕ ತಗದು ಅವನ ಮುಂದ ಇಟ್ಟೆ. ಗಂಟಿನ ಮಾತೂ ಹೇಳಿದೆ. ತಪ್ಪಾತು ಅಂದೆ."

"ಏನಂದ್ರು ಮಾವ?"

"ಭಾಳ ಹೊತ್ತು ನೋಡಿದ. 'ನನ್ನ ಮೂಗು ಇಷ್ಟು ದಪ್ಪ ಇಲ್ಲ ಬಿಡ್ರಿ ಸಾಹೇಬ್ರ' ಅಂದ. ಆಮ್ಯಾಲೆ ಒಳಗ ಹೊಳ್ಳಿ, ಎರಡು ಕಪ್ ಚಾ ಇಡು ಅಂತ ಒದರಿದ."

ನಾನು ಫೋನಿಟ್ಟು, ಬಟ್ಟೆ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡೆ. ಸೊಸೆ ಒಳಗೆ ಕೂತು ಅಳುತ್ತಾಳೆ ಎಂದು ಮಾವ ಹೇಳಿದ್ದು ಅವತ್ತು ನಿಜವಾಯಿತು.