ದೋಣಿಯ ಮೇಲೆ ಹೇಳಬೇಕಾಗಿದ್ದ ಮಾತು

ಸಿದ್ದರಾಜುವಿಗೆ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಅಭ್ಯಾಸವಿರಲಿಲ್ಲ. ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾದಾಗಿನಿಂದ ಟ್ಯಾಕ್ಸಿ ಓಡಿಸಿದವನು, ಅದಕ್ಕೂ ಮೊದಲು ದ್ರಾಕ್ಷಿ ತುಂಬಿದ ಟೆಂಪೋ ಓಡಿಸಿದವನು. ಸ್ಟೀರಿಂಗ್ ಮುಂದೆ ಬಿಟ್ಟರೆ ಇನ್ನೆಲ್ಲಿ ಕೂತರೂ ಅವನಿಗೆ ಚಡಪಡಿಕೆ. ಅಂಥವನನ್ನು ಐರ್ಲೆಂಡಿನ ಮಳೆಯಲ್ಲಿ, ಸಮುದ್ರದ ಅಂಚಿಗೆ ಅಂಟಿಕೊಂಡು ಸಾಗುವ ರಸ್ತೆಯಲ್ಲಿ, ಅವನ ಹೆಂಡತಿಯೇ ಕೂರಿಸಿಕೊಂಡು ಹೊರಟಿದ್ದಳು. ಎಡಗಡೆ ಕೂತವನ ಬಲಗಾಲು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು.

"ಸುಮ್ನೆ ಕೂತ್ಕೊಳ್ರೀ, ಮ್ಯಾಟು ತೂತಾಗುತ್ತೆ" ಎಂದಳು ಶಶಿರೇಖಾ.

ಅವಳು ದೊಡ್ಡಬಳ್ಳಾಪುರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದವಳು. ಒಲೆಯ ಪಕ್ಕದಲ್ಲೇ ಪುಸ್ತಕ ಇಟ್ಟುಕೊಂಡು ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿ, ಗಾಲ್ವೇ ಎಂಬ ಊರಿನ ಹತ್ತಿರದ ವೃದ್ಧಾಶ್ರಮವೊಂದಕ್ಕೆ ಕೆಲಸಕ್ಕೆ ಬಂದು ಮೂರು ವರ್ಷವಾಗಿತ್ತು. ಮಗಳು ಸಿಂಧು ಊರಲ್ಲೇ ಅಜ್ಜಿಯ ಜೊತೆ ಇದ್ದು ಹೈಸ್ಕೂಲು ಓದುತ್ತಿದ್ದಳು. ಈ ಮೂರು ವರ್ಷದಲ್ಲಿ ಗಂಡಹೆಂಡತಿ ಮುಖಾಮುಖಿ ಕೂತು ಉಂಡದ್ದು ಅವಳು ಒಮ್ಮೆ ರಜೆಗೆ ಬಂದಾಗ ಮಾತ್ರ. ಈಗ ಅವನೇ ವೀಸಾ ಮಾಡಿಸಿಕೊಂಡು ಬಂದಿದ್ದ. ಲೆಕ್ಕವಿಲ್ಲದಷ್ಟು ಜನರನ್ನು ಏರ್‌ಪೋರ್ಟಿನ ಬಾಗಿಲಿಗೆ ಬಿಟ್ಟವನು ಅದರೊಳಕ್ಕೆ ಮೊದಲ ಸಲ ಕಾಲಿಟ್ಟಿದ್ದ. ಟ್ಯಾಕ್ಸಿ ಸ್ಟ್ಯಾಂಡಿನ ಗೆಳೆಯರು ಅವನನ್ನು ಸುಮ್ಮನೆ ಕಳಿಸಿರಲಿಲ್ಲ. "ಏನ್ ಗುರು, ಇನ್ಮೇಲೆ ಓನರಮ್ಮನ ಪಕ್ಕದಲ್ಲಿ ಕ್ಲೀನರ್ ಕೆಲಸನಾ?" ಎಂದು ಕಾಲೆಳೆದಿದ್ದರು.

ಅವರು ಹೇಳಿದ್ದು ಹೆಚ್ಚುಕಡಿಮೆ ನಿಜವೇ ಆಯಿತು. ಕಾರು ಅವಳದು, ಹಳೆಯದು, ಚಿಕ್ಕದು. ಇನ್ಶೂರೆನ್ಸ್ ಅವಳೊಬ್ಬಳ ಹೆಸರಿಗೆ. ಬೇರೆಯವರು ಸ್ಟೀರಿಂಗ್ ಮುಟ್ಟಿದರೆ ಇಲ್ಲಿ ಪೊಲೀಸರು ಬಿಡುವುದಿಲ್ಲ ಎಂದು ಅವನು ಬಂದ ದಿನವೇ ಅವಳು ಎಚ್ಚರಿಸಿದ್ದಳು. ಸಿದ್ದರಾಜು ಎರಡು ದಿನ ಗೊಣಗಿ ಆಮೇಲೆ ಒಪ್ಪಿಕೊಂಡ. ಎರಡು ದಿನದ ರಜೆ ಹಾಕಿ ಕಡಲ ದಂಡೆಯುದ್ದಕ್ಕೂ ದಕ್ಷಿಣಕ್ಕೆ ಹೋಗಿ, ಒಂದು ರಾತ್ರಿ ಉಳಿದು ಬರುವುದೆಂದು ಅವಳೇ ಎಲ್ಲ ಏರ್ಪಾಡು ಮಾಡಿದ್ದಳು.

ಹೊರಟು ಸ್ವಲ್ಪ ದೂರಕ್ಕೆ ಒಂದು ಪೆಟ್ರೋಲ್ ಬಂಕು. ಇಲ್ಲಿ ನಾವೇ ಪೆಟ್ರೋಲ್ ಹಾಕಿಕೊಂಡು ಒಳಗೆ ಹೋಗಿ ದುಡ್ಡು ಕೊಡಬೇಕು. ಶಶಿರೇಖಾ ಒಳಗೆ ಹೋದಳು. ಸಿದ್ದರಾಜು ಕೈ ಸುಮ್ಮನಿರದೆ ಇಳಿದು ಮುಂದಿನ ಗಾಜು ಒರೆಸುತ್ತಿದ್ದ. ಆಗ ಫೋನು ಬಂತು. ಭಾವಮೈದುನ ಕೆಂಪರಾಜ್.

"ಭಾವ, ಗಾಡೀಲಿದ್ದೀರಾ, ನಿಲ್ಸಿದ್ದೀರಾ?"

ಆ ಪ್ರಶ್ನೆಗೇ ಸಿದ್ದರಾಜು ಗಾಜು ಒರೆಸುವುದನ್ನು ನಿಲ್ಲಿಸಿದ. ಡ್ರೈವರುಗಳ ಮನೆಯಲ್ಲಿ ಸುಮ್ಮಸುಮ್ಮನೆ ಯಾರೂ ಹಾಗೆ ಕೇಳುವುದಿಲ್ಲ.

"ನಿಲ್ಸಿದೀವಿ ಕಣೋ, ಹೇಳು."

"ಅಪ್ಪ ಹೋಗ್ಬಿಟ್ರು ಭಾವ. ತೋಟದಿಂದ ಬಂದು ಜಗಲಿ ಮೇಲೆ ಕೂತೋರು ಹಾಗೇ ಒರಗ್ಬಿಟ್ರು. ಅಕ್ಕಂಗೆ ನಾವ್ಯಾರೂ ಫೋನ್ ಮಾಡಲ್ಲ, ಅವ್ಳೇ ಓಡಿಸ್ತಾಳೆ ಅಂತ ಗೊತ್ತು. ನೋಡ್ಕೊಂಡು ನೀವೇ ಹೇಳಿ. ಅವ್ಳು ಬರೋಗಂಟ ಇಡೋಕಾಗಲ್ಲ, ನಾಲ್ಕು ಗಂಟೆಗೆ ಎತ್ತುತೀವಿ. ಅಷ್ಟರೊಳಗೆ ವಿಡಿಯೋ ಕಾಲ್ ಮಾಡ್ಸಿ, ಮುಖನಾದ್ರೂ ನೋಡ್ಕೊಳ್ಳಿ."

ಅಪ್ಪಯ್ಯಣ್ಣ ಸಿದ್ದರಾಜುವಿಗೆ ಬರೀ ಹೆಣ್ಣು ಕೊಟ್ಟ ಮಾವನಲ್ಲ, ತಾಯಿಯ ಒಡಹುಟ್ಟಿದ ಅಣ್ಣ. ಘಾಟಿ ದೇವಸ್ಥಾನದ ಹತ್ತಿರದ ಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಿದ್ದ ಮನುಷ್ಯ. ಅಕ್ಕರೆಯ ತಂಗಿಯ ಮಗನೆಂದು ಸಿದ್ದರಾಜುವನ್ನು ಹೆಗಲ ಮೇಲೆ ಹೊತ್ತು ತಿರುಗಿದವನು. ಮಗಳು ಪರದೇಶಕ್ಕೆ ಕೆಲಸಕ್ಕೆ ಹೋಗುತ್ತೇನೆಂದಾಗ ನೆಂಟರೆಲ್ಲ ಮೂಗು ಮುರಿದರೆ, "ಹೋಗ್ಲಿ ಬಿಡ್ರಲಾ, ಅವ್ಳೇನ್ ಕದಿಯೋಕ್ ಹೋಯ್ತಾಳಾ" ಎಂದು ಒಂದೇ ಮಾತಿಗೆ ಎಲ್ಲರ ಬಾಯಿ ಮುಚ್ಚಿಸಿದವನೂ ಅವನೇ. ಸಿದ್ದರಾಜು ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತ ನಿಂತ. ಮಳೆ ಬರುತ್ತಿದ್ದುದರಿಂದ ಅವನ ಮುಖ ಯಾಕೆ ಒದ್ದೆಯಾಗಿದೆ ಎಂದು ಯಾರೂ ಕೇಳುವಂತಿರಲಿಲ್ಲ.

ಶಶಿರೇಖಾ ಎರಡು ಕೈಯಲ್ಲಿ ಎರಡು ಲೋಟ ಕಾಫಿ ಹಿಡಿದು ಮಳೆಯಲ್ಲಿ ಓಡಿಬಂದಳು. ಅವನು ಹೇಳಲಿಲ್ಲ.

ಹೇಳದಿದ್ದುದಕ್ಕೆ ಕಾರಣವಿತ್ತು. ಏರ್‌ಪೋರ್ಟ್ ಸ್ಟ್ಯಾಂಡಿನಲ್ಲಿ ಒಂದು ಕಟ್ಟುಪಾಡಿದೆ. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮೀರಿದ್ದೂ ಇಲ್ಲ. ಸ್ಟೀರಿಂಗ್ ಹಿಡಿದವನಿಗೆ ಸಾವಿನ ಸುದ್ದಿ ಹೇಳಬಾರದು. ಹಿಂದೆ ಬೈರಣ್ಣನೆಂಬ ಡ್ರೈವರಿಗೆ ಹೈವೇಯಲ್ಲಿ ಓಡಿಸುತ್ತಿರುವಾಗಲೇ ತಾಯಿ ಸತ್ತ ಸುದ್ದಿ ಬಂದು, ಅವನು ಡಿವೈಡರ್ ಹತ್ತಿಸಿ ಕಾಲು ಕಳೆದುಕೊಂಡ ಮೇಲೆ ಹುಟ್ಟಿದ ಕಟ್ಟುಪಾಡು ಅದು. ಅವತ್ತಿನಿಂದ ಮನೆಯವರು ಫೋನ್ ಮಾಡಿದರೆ ಮೊದಲು ಗಾಡಿ ನಿಂತಿದೆಯಾ ಎಂದು ಕೇಳುತ್ತಾರೆ. ಸುದ್ದಿ ಹೇಳುವವನು ಸ್ಟ್ಯಾಂಡಿನವನೇ ಆದರೆ, ಮೊದಲು ಬೀಗದ ಕೈ ಇಸಿದುಕೊಂಡು ಆಮೇಲೆ ಹೇಳಿ, ತಾನೇ ಓಡಿಸಿಕೊಂಡು ಊರು ಮುಟ್ಟಿಸುತ್ತಾನೆ. ಸಿದ್ದರಾಜುವಿನ ಅಪ್ಪ ತೀರಿಕೊಂಡಾಗ ಸ್ಟ್ಯಾಂಡಿನ ಗಂಗಣ್ಣ ಹಾಗೇ ಮಾಡಿದ್ದ. ಇಲ್ಲಿ ಸಿದ್ದರಾಜು ಬೀಗದ ಕೈ ಇಸಿದುಕೊಂಡು ಏನು ಮಾಡಬೇಕು? ಹೇಳಿದರೂ ಓಡಿಸಬೇಕಾದವಳು ಅವಳೇ. ಒಂದು ಕಡೆ ಕಲ್ಲುಗೋಡೆ, ಇನ್ನೊಂದು ಕಡೆ ಕಡಲು, ನಡುವೆ ಒಂದೂವರೆ ಗಾಡಿಯಷ್ಟು ಅಗಲದ ರಸ್ತೆ.

ಆಗ ಅವನಿಗೆ ದೋಣಿಯ ವಿಷಯ ಹೊಳೆಯಿತು. ದಾರಿಯಲ್ಲಿ ಒಂದು ದೊಡ್ಡ ನದಿ ಕಡಲು ಸೇರುವ ಕಡೆ ಕಾರನ್ನೇ ದೋಣಿಗೆ ಹತ್ತಿಸಿ ಆಚೆ ದಡಕ್ಕೆ ದಾಟಿಸುತ್ತಾರೆಂದು ಶಶಿರೇಖಾ ಮೊದಲೇ ಹೇಳಿದ್ದಳು. ಅಲ್ಲಿ ಇಂಜಿನ್ ಬಂದ್, ಡ್ರೈವರೂ ಪ್ಯಾಸೆಂಜರೇ. ಊರಲ್ಲಿ ನಾಲ್ಕು ಗಂಟೆ ಎಂದರೆ ಇಲ್ಲಿ ಹನ್ನೊಂದೂವರೆ, ಅಷ್ಟರೊಳಗೆ ದೋಣಿ ಹತ್ತಿರುತ್ತೇವೆ. ದೋಣಿಯಲ್ಲಿ ಹೇಳುವುದು, ಅಲ್ಲೇ ವಿಡಿಯೋ ಕಾಲ್ ಮಾಡಿ ಮುಖ ತೋರಿಸುವುದು, ಆಚೆ ದಡದಲ್ಲಿ ಎಲ್ಲಾದರೂ ರೂಮು ಹಿಡಿದು ಅವಳು ಸಮಾಧಾನವಾಗುವವರೆಗೆ ಕೂತುಬಿಡುವುದು. ಇಷ್ಟು ಗಟ್ಟಿ ಮಾಡಿಕೊಂಡು ಅವನು ಕಾರು ಹತ್ತಿ ಬೆಲ್ಟ್ ಹಾಕಿಕೊಂಡ.

ಆದರೆ ಆ ಬೆಳಗ್ಗೆ ಶಶಿರೇಖಾ ಇದ್ದ ಖುಷಿ ನೋಡಬೇಕಿತ್ತು. ಮಳೆ ಒಮ್ಮೆ ಜೋರಾಗಿ ಹೊಡೆದು ಒಮ್ಮೆ ನಿಂತು ಬಿಸಿಲು ಬಿಡುತ್ತಿತ್ತು. ಕಡಲಿಗೆ ನೇರ ಕಡಿದಿಟ್ಟಂಥ ಬಂಡೆಗಳ ಹತ್ತಿರ ಗಾಡಿ ನಿಲ್ಲಿಸಿ, ಗಾಳಿಗೆ ಕೊಡೆ ತಿರುಗಿಕೊಂಡಾಗ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಕುರಿಗಳು ಅಡ್ಡ ಬಂದಾಗ ನಿಲ್ಲಿಸಿ, "ನಮ್ಮೂರಾಗಿದ್ರೆ ನೀವು ಇಷ್ಟೊತ್ತಿಗೆ ಹಾರ್ನ್ ಒತ್ತಿ ಒತ್ತಿ ಅವುಕ್ಕೆ ಕಿವುಡು ಮಾಡ್ತಿದ್ರಿ" ಎಂದು ರೇಗಿಸಿದಳು. ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ಅವನು ಹೊಟ್ಟೆ ಸರಿಯಿಲ್ಲ ಎಂದ. ಹೆಣ ಎತ್ತುವ ಮುಂಚೆ ಉಣ್ಣುವ ಪದ್ಧತಿಯಿಲ್ಲವಲ್ಲ, ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅವಳು ಉಂಡಳು. ತಂದೆಯ ಹೆಣ ಮನೆಯಲ್ಲಿರುವಾಗ ಮಗಳು ಕಡಲು ನೋಡುತ್ತ ಚಿತ್ರಾನ್ನ ಉಣ್ಣುವುದನ್ನು ನೋಡಿಕೊಂಡು ಕೂತದ್ದು ಅವನ ಜೀವಮಾನದಲ್ಲೇ ಕಷ್ಟದ ಕೆಲಸ.

ದೋಣಿ ಬಂತು. ಕಾರುಗಳು ಒಂದರ ಹಿಂದೆ ಒಂದು ಹತ್ತಿ ನಿಂತವು. ಇಂಜಿನ್ ಬಂದ್ ಮಾಡಿದ್ದೇ ತಡ, ಶಶಿರೇಖಾ ಬಾಗಿಲು ತೆರೆದು ಕಂಬಿಯ ಹತ್ತಿರ ಓಡಿದಳು. ಸಿದ್ದರಾಜು ಹಿಂದೆಯೇ ಹೋದ. ಹೇಳಲೆಂದೇ ಹೋದ. ಮೊದಲ ಮಾತು ಬಾಯಿಗೆ ಬಂದೂ ಆಗಿತ್ತು.

"ರೀ, ಒಂದು ವಿಡಿಯೋ ಮಾಡಿ. ಅಪ್ಪಂಗೆ ಕಳ್ಸಣ" ಎಂದಳು.

ಅವನು ಫೋನು ಎತ್ತಿ ಹಿಡಿದ. ಬೇಡವೆನ್ನಲು ಯಾವ ನೆಪವೂ ಹೊಳೆಯಲಿಲ್ಲ.

"ಅಪ್ಪ, ಇಲ್ನೋಡು, ಕಾರೇ ದೋಣಿ ಹತ್ತಿದೆ. ನಾನೇ ಓಡಿಸ್ಕೊಂಡ್ ಬಂದೆ. ನಿನ್ನಳಿಯ ಪಕ್ಕದಲ್ಲಿ ಕೂತು ಬ್ರೇಕ್ ತುಳೀತಾ ಇದಾರೆ. ಬೆಳಗ್ಗೆಬೆಳಗ್ಗೆ ಮಂಜಲ್ಲಿ ತೋಟಕ್ಕೆ ಹೋಗ್ಬೇಡ, ಮಾತ್ರೆ ಮರೀಬೇಡ. ದಸರಾಗೆ ಬರ್ತೀನಿ, ಬಂದ್ಮೇಲೆ ನಿನ್ನೂ ಕೂರಿಸ್ಕೊಂಡು ಘಾಟಿಗೆ ನಾನೇ ಓಡಿಸ್ತೀನಿ, ಆಯ್ತಾ?"

ಮಳೆಹನಿ ಅವಳ ಹುಬ್ಬಿನ ಮೇಲೆ ನಿಂತಿತ್ತು. ಮೂರು ವರ್ಷದಿಂದ ಫೋನಿನ ಚೌಕದಲ್ಲಿ ಸುಸ್ತಾದ ಮುಖ ನೋಡಿ ನೋಡಿ ಇದೇ ಅವಳ ಮುಖ ಎಂದುಕೊಂಡಿದ್ದ ಸಿದ್ದರಾಜು, ಇವಳಿಗೆ ಇನ್ನೂ ಈ ನಗು ಇದೆಯಲ್ಲ ಎಂದು ನೋಡಿದ. ಇನ್ನೊಂದು ಗಳಿಗೆ ನಗಲಿ, ಆಮೇಲೆ ಹೇಳೋಣ ಎಂದುಕೊಂಡ. ಸುಳ್ಳು ಯಾಕೆ ಹೇಳಬೇಕು, ಆಗ ಅವನಿಗೆ ಸ್ಟ್ಯಾಂಡಿನ ಕಟ್ಟುಪಾಡು ನೆನಪೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆ ನಗು. ಆ ಇನ್ನೊಂದು ಗಳಿಗೆ ದೋಣಿ ಆಚೆ ದಡಕ್ಕೆ ತಾಗುವವರೆಗೂ ಮುಗಿಯಲಿಲ್ಲ.

ಕಾರು ದಡಕ್ಕಿಳಿಯುವಾಗ ಅವನ ಜೇಬಿನಲ್ಲಿ ಫೋನು ನಡುಗತೊಡಗಿತು. ನಿಂತಿತು, ಮತ್ತೆ ನಡುಗಿತು. ಕೆಂಪರಾಜನೇ ಎಂದು ತೆಗೆದು ನೋಡದೆಯೂ ಗೊತ್ತಿತ್ತು. ಅಂಗೈಯಲ್ಲಿ ಅದನ್ನು ಅದುಮಿಕೊಂಡು ಕೂತ. ಮುಂದೆ ಎರಡು ಊರು ದಾಟುವಷ್ಟರಲ್ಲಿ ಅದು ಪೂರ್ತಿ ಸುಮ್ಮನಾಯಿತು, ಮತ್ತೆ ಬರಲಿಲ್ಲ. ಎತ್ತಿದರು ಎಂದು ಅವನಿಗೆ ತಿಳಿಯಿತು.

ಉಳಿಯುವ ಮನೆ ಒಂದು ಪುಟ್ಟ ಊರಿನಲ್ಲಿತ್ತು. ಮಧ್ಯಾಹ್ನ ಕಳೆದು ತಲುಪಿದರು. ಮನೆಯ ಮುದುಕಿ ಒಗೆದ ಟವೆಲು ಕೊಟ್ಟು ಹೋದಳು. ಶಶಿರೇಖಾ ಕಾರಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಟೀಗೆ ನೀರು ಕಾಯಿಸಲು ಹೊರಟಾಗ ಅವನು ಹೇಳಿದ.

"ಶಶಿ, ನಿಮ್ಮಪ್ಪ ಹೋಗ್ಬಿಟ್ರು."

ಅವಳು ಅಳಲಿಲ್ಲ. ಮಂಚದ ತುದಿಯಲ್ಲಿ ಕೂತಳು. ಹೇಗೆ ಎಂದು ಕೇಳಿದಳು, ಅವನು ಹೇಳಿದ. ತಕ್ಷಣ ಅವನ ಫೋನಿನ ಕಡೆ ಕೈ ತೋರಿಸಿ, "ಕೆಂಪಂಗೆ ವಿಡಿಯೋ ಕಾಲ್ ಮಾಡಿ. ಮುಖ ನೋಡ್ಬೇಕು" ಎಂದಳು.

"ಎತ್ತಾಯ್ತು ಶಶಿ."

"ಎಷ್ಟೊತ್ತಿಗೆ?"

"ನಾಲ್ಕು ಗಂಟೆಗೆ. ಅಲ್ಲಿನ ನಾಲ್ಕು."

ಅವಳ ತುಟಿ ಲೆಕ್ಕ ಹಾಕಿತು. "ಆಗ ತಾನೇ ಬೋಟಿಂದ ಇಳಿದಿದ್ವಿ" ಎಂದಳು ನಿಧಾನವಾಗಿ. "ನಿಮಗೆ ಯಾವಾಗ ಗೊತ್ತಾಯ್ತು?"

"ಪೆಟ್ರೋಲ್ ಹಾಕ್ಸಿದಾಗ. ನೀನು ಗಾಡಿ ಓಡಿಸ್ತಿದ್ದೆ. ಓಡ್ಸೋರಿಗೆ ಹೇಳ್ಬಾರ್ದು ಅಂತ..."

"ಬೋಟಲ್ಲಿ ನಾನು ಓಡಿಸ್ತಿದ್ನಾ?"

ಸಿದ್ದರಾಜು ಮೇಜಿನ ಮೇಲಿನ ಬೀಗದ ಕೈಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. "ನಗ್ತಿದ್ದೆ ನೀನು" ಎಂದ. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಅವನಿಗೇ ಕೇಳಿಸಿತು.

ಶಶಿರೇಖಾ ಜಗಳವಾಡಲಿಲ್ಲ. ಆಡಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. "ನಾನ್ ಕೆಲ್ಸ ಮಾಡೋ ಕಡೆ ಯಾರಾದ್ರೂ ಹೋದ್ರೆ ನಾನೇ ಮುಖ ತೊಳ್ದು, ತಲೆ ಬಾಚಿ, ದೀಪ ಸಣ್ಣ ಮಾಡಿ ಇಟ್ಟಿರ್ತೀನಿ. ಮಕ್ಕಳು ಬಂದು ನೋಡ್ಲಿ ಅಂತ. ಅವ್ರು ಎಷ್ಟೊತ್ತಿಗೆ ಬಂದ್ರೂ ನೋಡ್ಲಿ ಅಂತ" ಎಂದಷ್ಟೇ ಹೇಳಿ ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋದಳು. ಒಳಗೆ ನೀರು ಬೀಳುವ ಸದ್ದು ಶುರುವಾದಾಗ ಸಿದ್ದರಾಜು ಟವೆಲು ಬಾಯಿಗೆ ಒತ್ತಿಕೊಂಡು ತನ್ನ ಸೋದರಮಾವನಿಗಾಗಿ ಅತ್ತ. ಅವಳಿಗಾಗಿಯೂ ಅತ್ತಿರಬೇಕು, ಅವನಿಗೆ ಬಿಡಿಸಿ ಹೇಳಲಾಗುತ್ತಿರಲಿಲ್ಲ.

ಒದ್ದೆ ತಲೆಯಲ್ಲೇ ಹೊರಗೆ ಬಂದು ಅವಳು ತಮ್ಮನಿಗೆ ಫೋನ್ ಮಾಡಿದಳು. ಫೋನನ್ನು ಮಂಚದ ಮೇಲಿಟ್ಟು ಸ್ಪೀಕರ್ ಹಾಕಿದಳು. ಕೆಂಪರಾಜ್ ಅಳುತ್ತಲೇ, "ಫೋಟೋ ತೆಗ್ಸಿದೀನಿ ಅಕ್ಕ, ಕಳಿಸ್ತೀನಿ" ಎಂದ.

"ಬೇಡ. ಫೋಟೋ ನೋಡಕ್ಕೆ ನಂಗೀಗ ಆಗಲ್ಲ. ನೀನು ನೋಡಿದ್ಯಲ್ಲ, ಹೇಳು. ಮುಖ ಹೆಂಗಿತ್ತು?"

ಅವನು ತಡವರಿಸುತ್ತ ಶುರು ಮಾಡಿದ. "ಗಡ್ಡ ಬಂದಿತ್ತು, ಗೋವಿಂದರಾಜು ಬಂದು ಕ್ಷೌರ ಮಾಡ್ದ. ಸ್ನಾನ ಮಾಡ್ಸಿ, ಗೋಡೆಗೆ ಒರಗ್ಸಿ ಕೂರ್ಸಿದ್ವಿ. ಹಣೆ ತುಂಬ ವಿಭೂತಿ. ತುಟಿ ಒಣಗಿತ್ತು, ಸಿಂಧು ನೀರು ಬಿಟ್ಲು. ಮುಖದಲ್ಲಿ ಸುಕ್ಕೇ ಇರಲಿಲ್ಲ ಅಕ್ಕ, ಮಲಗಿದ್ದ ಹಂಗೇ. ಎಡಗಣ್ಣು ಮಾತ್ರ ಒಂಚೂರು ತೆರ್ದಿತ್ತು. ಎಷ್ಟು ಸಲ ಮುಚ್ಚಿದ್ರೂ ನಿಲ್ಲಿಲ್ಲ. ಅವ್ಳನ್ ಕಾಯ್ತವ್ರೆ, ಫೋನ್ ಬತ್ತದೆ ತಡೀರಿ ಅಂತ ಅಮ್ಮ, ಎತ್ತೋಗಂಟ ಫೋನ್ ಕೈಲಿ ಹಿಡ್ಕೊಂಡು ಅಪ್ಪನ ಪಕ್ಕಾನೇ ಕೂತಿದ್ಲು. ಮೂರು ಸಲ ತಡುದ್ಲು ಅಕ್ಕ. ಆಮೇಲೆ ಊರೋರು ಒಪ್ಪಲಿಲ್ಲ."

ಸಿದ್ದರಾಜು ಗೋಡೆಗೆ ಒರಗಿದ. ಅವಳು ಅವನ ಕಡೆ ತಿರುಗಲಿಲ್ಲ. ಕಣ್ಣು ಮುಚ್ಚಿ, ಎರಡೂ ಕೈ ಮಡಿಲಲ್ಲಿಟ್ಟು, ಫೋನಿನ ಕಡೆ ಬಾಗಿ ಕೂತಿದ್ದಳು.

"ಇನ್ನೊಂದ್ಸಲ ಹೇಳು ಕೆಂಪ" ಎಂದಳು. "ಮೊದ್ಲಿಂದ ಹೇಳು. ನಿಧಾನಕ್ಕೆ."

ಕೆಂಪರಾಜ್ ಮತ್ತೆ ಗಡ್ಡದಿಂದ ಶುರು ಮಾಡಿದ.