ಸೀರೆಯ ಮೇಲೆ ಬಿಡಿಸಿದ ಮೈ

ಬೆಟಗೇರಿಯ ನೇಕಾರರ ಓಣಿಯ ಒಂದು ಮನೆಯಲ್ಲಿ ನಾನು ಹೆಂಗಸರಿಗೆ ಆರೋಗ್ಯ ಹೋರಾಟದ ಇತಿಹಾಸ ಹೇಳುತ್ತಿದ್ದೆ. ಮಕ್ಕಳಾಗದಂತೆ ನಮ್ಮ ಮೈಗೆ ಚುಚ್ಚುವ ಔಷಧ ಯಾವುದೆಂದು ಮೊದಲು ಹೇಳಿ ಎಂದು ಹಿಂದೆ ಹೆಣ್ಣುಮಕ್ಕಳು ಬೀದಿಗಿಳಿದ ಕಥೆ ಮುಗಿಸಿ, ಹಳೆ ಸೀರೆಗಳ ಮೇಲೆ ಅವರವರ ಮೈಯ ಚಿತ್ರ ಬರೆಸಿ, ನೋವುಂಡ ಜಾಗಕ್ಕೆ ಬಣ್ಣ ಬಳಿಯಲು ಹೇಳಿದೆ. ಮಗ್ಗದ ಕೆಲಸದ ಒಬ್ಬಾಕೆ ಚಿತ್ರದ ಹೊಟ್ಟೆಗೆ ಕೆಂಪು ಬಳಿದಳು.

“ನನ್ನ ಗಂಡ ಇಲ್ಲೇ ಒದ್ದಾನ್ರಿ ಅಕ್ಕಾರ. ಹೊಟ್ಟ್ಯಾಗಿನ ಕೂಸು ಹೋತು.”

ಬಾಗಿಲಲ್ಲಿದ್ದ ಗಂಡ ಅದನ್ನು ಕೇಳಿಸಿಕೊಂಡ. ಒಳನುಗ್ಗಿ, ತುರುಬು ಹಿಡಿದು ಅವಳ ತಲೆಯನ್ನು ಗೋಡೆಗೆ ಚಚ್ಚಿದ. ಅಡ್ಡ ಹೋದ ನನ್ನ ಬಾಯಿಗೂ ಗುದ್ದಿದ. ನಾನು ಹೆದರಿ ಕುಸಿದೆ. ಹೆಂಗಸರು ಮಾತ್ರ ಒಟ್ಟಿಗೆ ಎದ್ದು ಅವನನ್ನು ಕೆಡವಿದರು. ಪೊಲೀಸರು ಬರುವವರೆಗೂ ಏಳಗೊಡಲಿಲ್ಲ.

ಅವಳು ಹಣೆಯ ರಕ್ತ ಒರೆಸಿಕೊಂಡು ಹೇಳಿದಳು: “ಕೇಸ್ ಬರಕೋರಿ ಸಾಹೇಬ್ರ. ಕೂಸಿಂದೂ ಬರಕೋರಿ.”