ಹಲ್ಲು ನೋಡಿದವರು ಬೆಲೆ ಹೇಳಬೇಕು

ಊರಿನ ಹೆಸರು ಹೇಳುವುದಿಲ್ಲ. ಗುಂಡ್ಲುಪೇಟೆಯಿಂದ ಭೀಮನಬೀಡಿನ ಕಡೆಗೆ ಹೋಗುವಾಗ ಸಿಗುವ ಒಂದು ಊರು ಎಂದುಕೊಳ್ಳಿ, ಸಾಕು. ಯಾಕೆ ಹೇಳುವುದಿಲ್ಲ ಎಂಬುದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ. ನಮ್ಮೂರ ಮಕ್ಕಳಿಗೆ ಸಂಬಂಧ ಕೂಡಿಬರುವುದೇ ಕಷ್ಟ, ಅದಕ್ಕೆ ನಾನೂ ಒಂದು ಕಲ್ಲು ಹಾಕಲಾರೆ.

ನನ್ನ ಎದುರುಮನೆಯ ಚಿಕ್ಕಮಲ್ಲಪ್ಪ ದನದ ದಲ್ಲಾಳಿ. ತೆರಕಣಾಂಬಿ ಸಂತೆಯಲ್ಲಿ ತಾನಿಲ್ಲದೆ ಒಂದು ಜೊತೆ ಎತ್ತೂ ಕೈ ಬದಲಾಗುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಾನೆ. ಅದರಲ್ಲಿ ಅರ್ಧ ನಿಜ. ಮನೆಗೆ ಬಂದ ನೆಂಟರನ್ನೂ ಅವನು ಮೊದಲು ಕಾಲು, ಆಮೇಲೆ ಬೆನ್ನು ನೋಡಿಯೇ ಅಳೆಯುವುದು. ಹೆಂಡತಿ ತೀರಿಹೋದ ಮೇಲೆ ಇರುವ ಒಬ್ಬಳೇ ಮಗಳು ಸುಧಾಮಣಿಯನ್ನು ತಾನೇ ಜಡೆ ಹಾಕಿ ಬೆಳೆಸಿದ. ಎತ್ತಿನ ಹಗ್ಗ ಹೊಸೆದ ಕೈ, ಜಡೆ ಭಲೇ ಬಿಗಿಯಾಗಿರುತ್ತಿತ್ತು. ಆ ಹುಡುಗಿ ಈಗ ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಮೇಡಂ. ಸಂತೆಮರಹಳ್ಳಿಯಲ್ಲಿರುವ ಅವನ ಅಕ್ಕ ಚಿಕ್ಕಮಲ್ಲಮ್ಮನ ಮಗ ಮಾದೇಶನಿಗೆ ಅವಳನ್ನು ಕೊಡುವುದೆಂದು ಎರಡೂ ಮನೆಯಲ್ಲಿ ಮಾತಾಗಿತ್ತು. ಹುಡುಗ ಹುಡುಗಿಗೆ ಒಬ್ಬರೆಂದರೆ ಒಬ್ಬರಿಗೆ ಇಷ್ಟ, ಅದೂ ಊರಿಗೆಲ್ಲ ಗೊತ್ತಿತ್ತು.

ಅಷ್ಟರಲ್ಲಿ ನಮ್ಮ ಬೀದಿಯ ನಾಗರತ್ನಳ ಮಗು ಬಿಳಿಚಿಕೊಳ್ಳತೊಡಗಿತು. ಮೈಸೂರಿಗೆ ಎತ್ತಿಕೊಂಡು ಹೋಗಿ ಮತ್ತೆ ಮತ್ತೆ ರಕ್ತ ಹಾಕಿಸಬೇಕು. ಡಾಕ್ಟರು ಥಲಸ್ಸೀಮಿಯಾ ಅಂದರು, ನಮ್ಮೂರ ಬಾಯಲ್ಲಿ ಅದು ತಲೆಸೀಮೆ ಆಯಿತು. ಆ ಮಗುವಿನ ಜಾಡು ಹಿಡಿದು ಒಂದು ಸಂಶೋಧನಾ ತಂಡವೇ ಊರಿಗೆ ಬಂತು. ಅದರಲ್ಲಿದ್ದ ಡಾಕ್ಟರ್ ಶಿವರಂಜಿನಿ ಇನ್ನೂ ಚಿಕ್ಕ ವಯಸ್ಸಿನವಳು. ಅಂಗನವಾಡಿಯಲ್ಲಿ ಕೂತು ಎಲ್ಲರಿಗೂ ಬಿಡಿಸಿ ಹೇಳಿದಳು. ಈ ಕಾಯಿಲೆಯ ಗುಣ ಒಬ್ಬರ ರಕ್ತದಲ್ಲಿ ಇದ್ದರೆ ಅವರಿಗೇನೂ ತೊಂದರೆಯಿಲ್ಲ, ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಮಾತ್ರ ಹುಟ್ಟುವ ಮಗುವಿಗೆ ಕಾಯಿಲೆ ಬರಬಹುದು ಎಂದಳು. ವಯಸ್ಸಿಗೆ ಬಂದವರೆಲ್ಲ ಸಾಲಾಗಿ ನಿಂತು ರಕ್ತ ಕೊಟ್ಟರು, ಸುಧಾಮಣಿಯೂ ಕೊಟ್ಟಳು. ತಂಡ ಬಿಸ್ಕತ್ತು ಹಂಚಿ ಜೀಪು ಹತ್ತಿ ಹೋಯಿತು. ಹೋದದ್ದು ಹೋಯಿತು, ಮತ್ತೆ ಸುದ್ದಿಯೇ ಇಲ್ಲ.

ಚಿಕ್ಕಮಲ್ಲಪ್ಪನಿಗೆ ನಿದ್ದೆ ಹತ್ತದಾಯಿತು. ನಾಗರತ್ನ ಮದುವೆಯಾದದ್ದೂ ಸೋದರತ್ತೆಯ ಮಗನನ್ನೇ. ಆ ಮಗು ಬೀದಿಯಲ್ಲಿ ಅತ್ತಾಗಲೆಲ್ಲ ಇವನಿಗೆ ಇನ್ನೂ ಹುಟ್ಟದ ಮೊಮ್ಮಗುವಿನ ಅಳು ಕೇಳಿದಂತಾಗುತ್ತಿತ್ತು. ಅಕ್ಕ ಮದುವೆಯ ದಿನ ಕೇಳಿದರೆ ಏನಾದರೊಂದು ನೆಪ ಹೇಳಿ ಮುಂದೂಡುತ್ತಿದ್ದ.

ಮಾರನೆಯ ವರ್ಷ ಅದೇ ತಂಡ ಇನ್ನೊಂದು ಸುತ್ತು ರಕ್ತ ಬೇಕೆಂದು ಬಂದಾಗ ಅಂಗನವಾಡಿ ಬಾಗಿಲಿಗೆ ಅಡ್ಡ ನಿಂತವನು ಅವನೇ.

“ಡಾಕ್ಟ್ರಮ್ಮ, ವಾದ್ ವರ್ಸ ತಕಂಡ್ ವಾದ್ರಲ್ಲ ರಕ್ತ, ಅದೇನಾಯ್ತು?”

ಶಿವರಂಜಿನಿ ತಾಳ್ಮೆಯಿಂದಲೇ ಹೇಳಿದಳು. “ಅದು ಆಸ್ಪತ್ರೆ ಪರೀಕ್ಷೆ ಅಲ್ಲ ಯಜಮಾನ್ರೇ, ಸಂಶೋಧನೆ. ಒಟ್ಟು ಊರಲ್ಲಿ ಎಷ್ಟು ಜನಕ್ಕಿದೆ ಅನ್ನೋದು ನಮಗೆ ಬೇಕಿತ್ತು. ಒಬ್ಬೊಬ್ಬರಿಗೂ ತಿಳಿಸೋದು ಯೋಜನೆಯಲ್ಲಿ ಇರಲಿಲ್ಲ.”

“ಸಂತೇಲಿ ಒಂದು ಮಾತದೆ ಕಣವ್ವ. ಎತ್ತಿನ ಬಾಯಿ ಬುಡ್ಸಿ ಹಲ್ಲು ನೋಡ್ದೋನು ಬೆಲೆ ಹೇಳ್ಬೇಕು. ಕಮ್ಮಿನೋ ಜಾಸ್ತಿನೋ, ಒಂದ್ ಮಾತು ಹೇಳ್ಬೇಕು. ಹಲ್ ನೋಡ್ಬುಟ್ಟು ಸುಮ್ಕೆ ಓಗೋದು ಮರ್ಯಾದಸ್ತರ ಕೆಲ್ಸ ಅಲ್ಲ.”

ಅವಳ ಜೊತೆ ಬಂದವರು ನಕ್ಕರು. ಅವಳು ನಗಲಿಲ್ಲ. “ನೀವು ಹೇಳೋದು ಸರಿ. ಮೇಲಿನವರನ್ನ ಕೇಳ್ತೀನಿ. ಅಲ್ಲಿವರೆಗೂ ಯಾರಿಗೂ ಸೂಜಿ ಚುಚ್ಚಲ್ಲ,” ಎಂದು ಪೆಟ್ಟಿಗೆ ಎತ್ತಿಸಿ ಹೊರಟೇಬಿಟ್ಟಳು. ಇವಳು ತಿರುಗಿ ಬಂದ ಹಾಗೇ ಇದೆ ಅಂದುಕೊಂಡೆ ನಾನು. ನನ್ನ ಲೆಕ್ಕ ತಪ್ಪಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಎಲ್ಲರ ಫಲಿತಾಂಶ ಹಿಡಿದುಕೊಂಡು ಬಂದಳು. ಪಂಚಾಯ್ತಿ ಮೆಂಬರ್ ವೃಷಭೇಂದ್ರಪ್ಪನಿಗೆ ಉತ್ಸಾಹ ತಡೆಯಲಿಲ್ಲ. ಸಮುದಾಯ ಭವನದಲ್ಲಿ ಕುರ್ಚಿ ಹಾಕಿಸಿ, ಮೈಕ್ ಕಟ್ಟಿಸಿ, ಊರನ್ನೇ ಸೇರಿಸಿದ. ಒಬ್ಬೊಬ್ಬರ ಹೆಸರು ಕೂಗಿ ಫಲಿತಾಂಶ ಓದಿಸುವುದು ಅವನ ಏರ್ಪಾಡು.

“ನಾನು ಹಾಗೆ ಓದಲ್ಲ ಸರ್,” ಅಂದಳು ಶಿವರಂಜಿನಿ.

“ನಮ್ಮೂರಲ್ಲಿ ಮುಚ್ಚುಮರೆ ಇಲ್ಲ ಮೇಡಂ, ಓದಿ. ರಕ್ತ ಕೊಟ್ಟಿರೋದು ಊರು, ಊರಿಗೆ ಗೊತ್ತಾಗ್ಲಿ.”

ಸಭೆಯಲ್ಲಿ ಗುಸುಗುಸು ಎದ್ದಿತು. ಓದಲಿ ಎಂದವರು ಕೆಲವರು, ಬೇಡ ಎನ್ನಲು ಬಾಯಿ ಬಾರದವರು ಹಲವರು. ಯಾಕೆ ಬೇಡ ಎಂದರೆ, ನಿಮ್ಮನೆಯಲ್ಲೇ ಏನೋ ಇದೆ ಅಂದುಬಿಡುತ್ತಾರಲ್ಲ. ಆ ಹಲವರಲ್ಲಿ ನಾನೂ ಒಬ್ಬ. ಚಿಕ್ಕಮಲ್ಲಪ್ಪ ಎದ್ದು ಹೆಗಲಿನ ಟವಲ್ ತೆಗೆದು ಬಲಗೈ ಮೇಲೆ ಹಾಕಿಕೊಂಡ.

“ವೃಷಭೇಂದ್ರಣ್ಣ, ವಾದ್ ಸಂತೇಲಿ ನಿನ್ ಎತ್ತು ಮಾರ್ಸ್ಕೊಟ್ನಲ್ಲ, ಬೆಲೆ ಮೈಕಲ್ಲಿ ಕೂಗಿದ್ನಾ?”

“ಟವಲ್ ಕೆಳಗೆ ಬೆರಳು ಹಿಡ್ದು ಹೇಳ್ದೆ.”

“ಯಾಕೆ?”

ವೃಷಭೇಂದ್ರಪ್ಪ ಕೈಯಲ್ಲಿದ್ದ ಮೈಕ್ ಕೆಳಗಿಟ್ಟ. ಉತ್ತರ ಸಭೆಯಲ್ಲಿದ್ದವರಿಗೆಲ್ಲ ಗೊತ್ತು, ದನ ಮಾರದವರು ನಮ್ಮೂರಲ್ಲಿ ಯಾರಿದ್ದಾರೆ? ಒಬ್ಬ ಕಮ್ಮಿ ಕೇಳಿದ್ದು ನಾಲ್ಕು ಕಿವಿಗೆ ಬಿದ್ದರೆ ಆ ಎತ್ತನ್ನು ಆಮೇಲೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅದಕ್ಕೇ ಸಂತೆಯಲ್ಲಿ ಬೆಲೆ ಟವಲ್ ಮರೆಯಲ್ಲಿ ಆಗುತ್ತದೆ, ಕೈ ಹಿಡಿದವನಿಗೆ ಬಿಟ್ಟು ಇನ್ನೊಬ್ಬನಿಗೆ ತಿಳಿಯುವುದಿಲ್ಲ.

“ಕೈ ಹಿಡ್ದೋನ್ಗೆ ಮಾತ್ರ ಹೇಳ್ತೀವಿ, ಎತ್ಗೇ ಅಷ್ಟು ಮರ್ಯಾದೆ ಕೊಡ್ತೀವಿ. ನಮ್ ಮಕ್ಳಿಗೆ ಬ್ಯಾಡ್ವಾ?” ಅಂದ ಚಿಕ್ಕಮಲ್ಲಪ್ಪ.

“ನಮ್ಮನ್ನ ಎತ್ತಿಗೆ ಸರಿ ಮಾಡ್ಬುಟ್ಟಲ್ಲೋ ಪುಣ್ಯಾತ್ಮ,” ಎಂದಳು ಹಿಂದೆ ಕೂತಿದ್ದ ಈರಮ್ಮ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಮೈಕ್ ಬಿಚ್ಚಿದರು. ಶಿವರಂಜಿನಿ ಒಳಕೋಣೆಯಲ್ಲಿ ಕೂತು, ಬಾಗಿಲು ಮುಚ್ಚಿಸಿ, ಒಬ್ಬೊಬ್ಬರನ್ನೇ ಕರೆಸಿ ಅವರವರದನ್ನು ಅವರವರಿಗೇ ಹೇಳಿದಳು.

ಸುಧಾಮಣಿ ಒಳಗೆ ತುಸು ಹೆಚ್ಚು ಹೊತ್ತೇ ಇದ್ದಳು. ಹೊರಗೆ ಬಂದ ಕೂಡಲೇ ಅಪ್ಪ ಎದುರು ನಿಂತ.

“ಏನಂದ್ರು ಕಣಮ್ಮಿ?”

“ಹೇಳಿದ್ರು ಅಪ್ಪ.”

“ಅದೇ, ಏನಂತ?”

“ನೀನೇ ಅಲ್ವಾ ಈಗ ಊರಿಗೆಲ್ಲ ಹೇಳಿದ್ದು. ಕೈ ಹಿಡಿದೋರಿಗೆ ಮಾತ್ರ ಅಂತ.”

“ನಾನು ನಿಮ್ಮಪ್ಪ ಕಣಮ್ಮಿ.”

“ಗೊತ್ತು. ಮೊದಲು ಮಾದೇಶನ ಹತ್ರ ಮಾತಾಡ್ಬೇಕು. ನಿನಗೆ ಹೇಳೋದೋ ಬ್ಯಾಡ್ವೋ ಅಂತ ಆಮೇಲೆ ನಾವಿಬ್ರೂ ಯೋಚನೆ ಮಾಡ್ತೀವಿ.”

ಆ ಸಂಜೆ ಅವನು ಉಣ್ಣದೆ ನಮ್ಮ ಜಗಲಿಗೆ ಬಂದು ಕೂತ. ಸಾಕಿದ್ದು ನಾನು, ಜಡೆ ಹಾಕಿದ್ದು ನಾನು ಎಂದು ಗೊಣಗಿದ. ನಾನು ಬಿಡಲಿಲ್ಲ. “ಮಾಡಿದ್ದುಣ್ಣೋ ಮಹಾರಾಯ,” ಅಂದೆ. ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡು, “ಅವರವ್ವ ಇದ್ದಿದ್ರೆ ಅವಳಿಗಾದ್ರೂ ಹೇಳ್ತಿದ್ಲೇನೋ. ಭಯ ಆಯ್ತದೆ ಕಣ್ಲಾ,” ಅಂದ. ಅವನನ್ನು ಅಷ್ಟು ಸಣ್ಣವನಾಗಿ ನಾನು ಕಂಡಿರಲಿಲ್ಲ, ಛೇಡಿಸಿದ್ದಕ್ಕೆ ಬೇಜಾರಾಯಿತು.

ಭಾನುವಾರ ಸುಧಾಮಣಿ ಒಬ್ಬಳೇ ಬಸ್ಸು ಹತ್ತಿ ಸಂತೆಮರಹಳ್ಳಿಗೆ ಹೋಗಿಬಂದಳು. ಮಾದೇಶ ಚಾಮರಾಜನಗರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡ. ಇಬ್ಬರೂ ಕೂಡಿ ಶಿವರಂಜಿನಿಯನ್ನು ಕಂಡರು ಎಂದೂ ಕೇಳಿದೆ. ಮನೆಯಲ್ಲಿ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ.

ದೀಪಾವಳಿ ಕಳೆದ ಮೇಲೆ ಮಾದೇಶ ತಾಯಿಯ ಜೊತೆ ಬಂದ. ನಾನೂ ಅಲ್ಲೇ ಇದ್ದೆ. “ಮಾವ, ಮದುವೆ ದಿನ ನೋಡ್ಸಿ. ಮಕ್ಕಳ ವಿಚಾರ ಡಾಕ್ಟ್ರ ಹತ್ರ ಕೂತು ಎಲ್ಲಾ ಕೇಳ್ಕೊಂಡಿದೀವಿ. ಏನು ಮಾಡ್ಬೇಕು ಅಂತ ನಮಗೆ ಗೊತ್ತು,” ಅಂದ. ಪಕ್ಕದಲ್ಲಿ ನಿಂತಿದ್ದ ಸುಧಾಮಣಿಯ ಮುಖದಲ್ಲಿ ಹೆದರಿಕೆ ಇರಲಿಲ್ಲ.

ಚಿಕ್ಕಮಲ್ಲಮ್ಮ ತಮ್ಮನನ್ನು ಜಗಲಿಗೆ ಎಳೆದುಕೊಂಡು ಬಂದಳು. “ನನ್ ಮಗ ಬಾಯೇ ಬುಡ್ತಿಲ್ಲ. ನೀನಾದ್ರೂ ಹೇಳ್ಲಾ, ಏನಂತೆ? ಯಾರ್ಗದೆ, ಯಾರ್ಗಿಲ್ಲ?”

“ನಂಗೊತ್ತಿಲ್ಲ ಕಣಕ್ಕ.”

“ಹೆತ್ತ ಮಗಳದ್ದು ಗೊತ್ತಿಲ್ವಾ?”

“ಗೊತ್ತಿರ್ಬೇಕಾದೋರ್ಗೆ ಗೊತ್ತದೆ. ನೀನೂ ಕೇಳ್ಬ್ಯಾಡ, ನಾನೂ ಕೇಳಕ್ಕಿಲ್ಲ,” ಅಂದ ಚಿಕ್ಕಮಲ್ಲಪ್ಪ. ಆಮೇಲೆ ಅಕ್ಕನ ಕೈ ಹಿಡಿದು, “ನಡಿ, ದಿನ ನೋಡ್ಸ್ಕಂಡ್ ಬರನ,” ಎಂದು ಚಪ್ಪಲಿ ಮೆಟ್ಟಿದ.